ಕಾಲುನೋವಿಗೆ ಕರೆಂಟು: ಮಾರುವವರು ಬಂದರು, ನೋಡುವವರು ಬರಲಿಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ತಾಲ್ಲೂಕಿನಲ್ಲಿ ಕೈಕಾಲು ನೋವಿಲ್ಲದ ಮನೆ ಹುಡುಕುವುದು ಸಾವಿಲ್ಲದ ಮನೆಯ ಸಾಸಿವೆ ತರಲು ಹೊರಟಂತೆಯೇ. ಕಬ್ಬು ಕಡಿದವರ ಸೊಂಟ, ಅರಿಶಿನ ಕಿತ್ತವರ ಮಂಡಿ, ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರ ತೊಡೆ, ಬಿಸಿನೀರಲ್ಲಿ ಕೈಯಿಟ್ಟು ರೇಷ್ಮೆ ನೂಲು ಬಿಚ್ಚಿದವರ ಬೆರಳು, ಕರಿಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಿಷನ್ ಹಿಡಿದವರ ಭುಜ. ಜಗುಲಿ ಮೇಲೆ ಕೂತು ಕೇಳಿದರೆ ಸಾಕು. "ಮಂಡಿ ನೋಯ್ತದ ಕಣಪ್ಪ." "ಕಾಲು ಜೋಮು ಹಿಡೀತದ." "ರಾತ್ರಿಯೆಲ್ಲ ಪಾದ ಉರೀತದ, ನಿದ್ದೆನೇ ಇಲ್ಲ."

ನೋವು ಮೂರು ತಿಂಗಳು ದಾಟಿದರೆ ವೈದ್ಯಲೋಕ ಅದನ್ನು ದೀರ್ಘಕಾಲದ ನೋವು ಎನ್ನುತ್ತದೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು ಎನ್ನುತ್ತದೆ. ನಮ್ಮಲ್ಲಿ ಮೂರು ವರ್ಷ ದಾಟಿದರೂ ಅದಕ್ಕೆ ಒಂದೇ ಹೆಸರು: ವಯಸ್ಸಾಯ್ತು. ಆಸ್ಪತ್ರೆಗೆ ಹೋದರೆ ಒಂದು ಸೂಜಿ, ನಾಲ್ಕು ಮಾತ್ರೆ. ವಾರ ಕಳೆದರೆ ಮತ್ತೆ ಸೂಜಿ.

ಈ ನೋವನ್ನೇ ಬಂಡವಾಳ ಮಾಡಿಕೊಂಡು ಈಗೊಂದು ವ್ಯಾಪಾರ ಬೆಳೆದಿದೆ. ಕಲ್ಯಾಣ ಮಂಟಪದಲ್ಲೋ, ಬಾಡಿಗೆ ಮಳಿಗೆಯಲ್ಲೋ "ಉಚಿತ ನರ ಚಿಕಿತ್ಸೆ" ಎಂಬ ಬ್ಯಾನರ್ ಕಟ್ಟುತ್ತಾರೆ. ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಒಬ್ಬರ ಕಾಲ ಕೆಳಗೆ ಗಡಗಡ ಅಲುಗುವ ಯಂತ್ರ, ಇನ್ನೊಬ್ಬರ ಮಂಡಿಗೆ ಅಂಟಿಸಿದ ಎರಡು ಪಟ್ಟಿ. ಕೆಲವು ದಿನ ಬಿಟ್ಟಿ ಕರೆಂಟು. ಆಮೇಲೆ ಮೆಲ್ಲಗೆ ಒಂದು ಮಾತು: "ಅಮ್ಮ, ಮನೇಲೇ ಒಂದು ಇಟ್ಕೊಂಡ್ರೆ ನಿಮ್ಗೇ ಒಳ್ಳೇದು." ಫೋನಿನಲ್ಲೂ ಅದೇ ಕಥೆ. ರೀಲ್ಸ್ ತೆಗೆದರೆ "ಆಪರೇಷನ್ ಬೇಡ, ಮಾತ್ರೆ ಬೇಡ, 15 ದಿನದಲ್ಲಿ ನರ ಸರಿ" ಎಂದು ಕೂಗುವವರು.

ನಾವು ಹೇಳುವುದು ಇಷ್ಟು. ನರಕ್ಕೆ ಚರ್ಮದ ಮೇಲಿಂದ ಕರೆಂಟು ಕೊಡುವ ಯಂತ್ರ ಸುಳ್ಳಲ್ಲ. ಅದನ್ನು "ವಾಸಿ ಮಾಡುವ ಯಂತ್ರ" ಎಂದು ಮಾರುವುದು ಸುಳ್ಳು. ಆ ಸುಳ್ಳಿಗೆ ಇಷ್ಟು ಗಿರಾಕಿಗಳು ಸಿಗಲು ಕಾರಣ ನಮ್ಮ ಜನರ ದಡ್ಡತನ ಅಲ್ಲವೇ ಅಲ್ಲ. ಈ ನೋವನ್ನು ಕೂತು ಕೇಳಿ, ಮುಟ್ಟಿ ನೋಡಿ, ದಾರಿ ಹೇಳುವ ಒಬ್ಬರನ್ನು ಸರ್ಕಾರ ಹಳ್ಳಿಯ ಹತ್ತಿರಕ್ಕೆ ಕಳಿಸಿಲ್ಲ. ಅದೇ ಕಾರಣ.

ಡಬ್ಬಿಯೊಳಗೆ ಏನಿದೆ

ಈ ಯಂತ್ರಕ್ಕೆ ವೈದ್ಯರು ಇಟ್ಟ ಹೆಸರು ಟೆನ್ಸ್. ಅಂಗೈಯಗಲದ ಡಬ್ಬಿ, ಒಳಗೆ ಬ್ಯಾಟರಿ, ಎರಡೋ ನಾಲ್ಕೋ ವೈರು, ತುದಿಯಲ್ಲಿ ಅಂಟು ಪಟ್ಟಿ. ಪಟ್ಟಿಯನ್ನು ನೋವಿರುವ ಜಾಗದ ಆಚೀಚೆ ಅಂಟಿಸಿ ಗುಂಡಿ ತಿರುಗಿಸಿದರೆ ಸಣ್ಣ ಸಣ್ಣ ಮಿಡಿತದಲ್ಲಿ ಕರೆಂಟು ಹರಿದು ಚರ್ಮ ಜುಮ್ಮೆನ್ನುತ್ತದೆ. ಸೂಜಿ ಇಲ್ಲ, ಕೊಯ್ಯುವುದಿಲ್ಲ, ದೇಹದೊಳಗೆ ಏನೂ ಹೋಗುವುದಿಲ್ಲ.

ಇದು ಕೆಲಸ ಮಾಡುವ ಬಗೆ ನಿಮಗೆ ಆಗಲೇ ಗೊತ್ತಿದೆ. ಕಾಲು ಕಲ್ಲಿಗೆ ಎಡವಿದರೆ ಕೈ ತಾನಾಗಿ ಹೋಗಿ ಉಜ್ಜುತ್ತದೆ. ಉಜ್ಜಿದಾಗ ನೋವು ಕೊಂಚ ಇಳಿಯುತ್ತದೆ. ಯಾಕೆ? 1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದಂತೆ. ಸ್ಪರ್ಶದ ಸುದ್ದಿ ದಪ್ಪ ನರದಲ್ಲಿ ಬೇಗ ಬರುತ್ತದೆ, ನೋವಿನ ಸುದ್ದಿ ಸಣ್ಣ ನರದಲ್ಲಿ ನಿಧಾನ ಬರುತ್ತದೆ. ಸ್ಪರ್ಶದ ಸುದ್ದಿ ಜೋರಾಗಿ ಬಂದರೆ ಗೇಟು ಅರ್ಧ ಮುಚ್ಚಿಕೊಳ್ಳುತ್ತದೆ, ನೋವಿನ ಸುದ್ದಿ ಮಿದುಳಿಗೆ ಕಡಿಮೆ ತಲುಪುತ್ತದೆ. ಟೆನ್ಸ್ ಮಾಡುವುದೂ ಅದನ್ನೇ, ಕೈಯಿಂದ ಉಜ್ಜುವ ಬದಲು ಕರೆಂಟಿನಿಂದ ಉಜ್ಜುವುದು. ನಿಧಾನ ಮಿಡಿತಕ್ಕೆ ಇಟ್ಟರೆ ದೇಹ ತನ್ನದೇ ನೋವು ನಿವಾರಕ ರಸಗಳನ್ನು ಬಿಡುತ್ತದೆ ಎಂದೂ ತಜ್ಞರು ಹೇಳುತ್ತಾರೆ.

ಇದು ಹೊಸ ಯೋಚನೆಯೂ ಅಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ, ಕಾಲುನೋವಿನವರನ್ನು ಕರೆಂಟು ಹೊಡೆಯುವ ಜೀವಂತ ಮೀನಿನ ಮೇಲೆ ಕಾಲಿಟ್ಟು ನಿಲ್ಲಲು ಹೇಳುತ್ತಿದ್ದ. ಇಂದಿನ ರೂಪಕ್ಕೆ ದಾರಿ ಮಾಡಿದ್ದು 1967ರಲ್ಲಿ ಅದೇ ವಾಲ್ ಮತ್ತು ವಿಲಿಯಂ ಸ್ವೀಟ್ ಮಾಡಿದ ಪ್ರಯೋಗ. ನರಕ್ಕೆ ಕರೆಂಟು ಕೊಟ್ಟರೆ ಮನುಷ್ಯನ ನೋವು ಇಳಿಯುತ್ತದೆ ಎಂದು ಅವರು ಬರೆದ ವರದಿಯ ಶೀರ್ಷಿಕೆಯಲ್ಲೇ ಒಂದು ಪದವಿತ್ತು: ತಾತ್ಕಾಲಿಕ. ಯಂತ್ರದ ಮೂಲಪುರುಷರೇ ಬರೆದಿಟ್ಟ ಆ ಪದವನ್ನು ಬ್ಯಾನರ್ ಬರೆಸುವವರು ಅಳಿಸಿದ್ದಾರೆ.

ಎಷ್ಟು ಕೆಲಸ ಮಾಡುತ್ತದೆ

ಇಲ್ಲಿ ಎರಡೂ ಕಡೆಯ ಮಾತು ಹೇಳಬೇಕು. 2022ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯ ಪತ್ರಿಕೆಯಲ್ಲಿ 381 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವರದಿ ಬಂತು. ಅದರಲ್ಲಿ 24 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಇದೆ. ಯಂತ್ರ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆ ಇರುತ್ತದೆ, ದೊಡ್ಡ ಅಪಾಯ ಇಲ್ಲ ಎಂದು ಅದು ಹೇಳಿತು. ಅದಕ್ಕೂ ಮೊದಲು 2019ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ದೀರ್ಘಕಾಲದ ನೋವಿನ ಸಂಶೋಧನೆಗಳನ್ನೆಲ್ಲ ಜಾಲಾಡಿ, ಅವುಗಳ ಗುಣಮಟ್ಟ ತೀರಾ ಕಳಪೆ, ಇದರಿಂದ ಲಾಭವೆಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ ಎಂದಿತ್ತು. ಬ್ರಿಟನ್ ಸರ್ಕಾರಕ್ಕೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಇನ್ನೂ ಖಡಕ್ಕು. ಬೇರೆ ಕಾಯಿಲೆಯ ಕಾರಣ ಸಿಗದ ದೀರ್ಘಕಾಲದ ನೋವಿಗೆ 2021ರಲ್ಲಿ, ಕೀಲು ಸವೆತಕ್ಕೆ 2022ರಲ್ಲಿ, ಟೆನ್ಸ್ ಕೊಡಬೇಡಿ ಎಂದೇ ಬರೆಯಿತು. ಕೀಲು ಸವೆತಕ್ಕೆ ಮೊದಲ ಮದ್ದು ವ್ಯಾಯಾಮ ಎಂದಿತು.

ಇವನ್ನೆಲ್ಲ ಕೂಡಿಸಿ ಕಳೆದರೆ ಉಳಿಯುವುದು ಇದು. ಟೆನ್ಸ್ ಒಂದು ಊರುಗೋಲು. ಹಿಡಿದಾಗ ಆಸರೆ, ಬಿಟ್ಟಾಗ ಇಲ್ಲ. ಅರ್ಧ ಗಂಟೆ ನೋವು ಇಳಿದರೆ ಆ ಅರ್ಧ ಗಂಟೆಯಲ್ಲಿ ಮಂಡಿಗೆ ವ್ಯಾಯಾಮ ಮಾಡಬಹುದು, ನಾಲ್ಕು ಹೆಜ್ಜೆ ನಡೆಯಬಹುದು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಹುಣ್ಣಾದವರಿಗೆ, ಕಿಡ್ನಿ ಸೋತವರಿಗೆ ಇಷ್ಟೂ ದೊಡ್ಡದೇ. ಆದರೆ ಸವೆದ ಮಂಡಿ ಇದರಿಂದ ಬೆಳೆಯುವುದಿಲ್ಲ. ಸಕ್ಕರೆ ಕಾಯಿಲೆ ಇದರಿಂದ ಇಳಿಯುವುದಿಲ್ಲ. ಬೆನ್ನಲ್ಲಿ ಒತ್ತಿಕೊಂಡ ನರ ಇದರಿಂದ ಬಿಡಿಸಿಕೊಳ್ಳುವುದಿಲ್ಲ.

ಇನ್ನೊಂದು ಚಾಲಾಕಿತನ ಗಮನಿಸಿ. ಕಾಲ ಕೆಳಗೆ ಇಟ್ಟು ಗಡಗಡ ಅಲುಗಿಸುವ ಹಲಗೆಗೂ, ಚರ್ಮಕ್ಕೆ ಅಂಟಿಸುವ ಟೆನ್ಸ್‌ಗೂ ಸಂಬಂಧ ಇಲ್ಲ. ಎರಡನ್ನೂ "ನರ ಥೆರಪಿ" ಎಂಬ ಒಂದೇ ಹೆಸರಲ್ಲಿ ಮಾರುತ್ತಾರೆ. "ಫಾರಿನ್‌ನಲ್ಲಿ ರಿಸರ್ಚ್ ಆಗಿದೆ" ಅನ್ನುತ್ತಾರೆ. ಆಗಿರುವುದು ಒಂದರ ಮೇಲೆ, ಮಾರುತ್ತಿರುವುದು ಇನ್ನೊಂದು. ಆಕಳ ಸರ್ಟಿಫಿಕೇಟ್ ತೋರಿಸಿ ಆಡು ಮಾರಿದಂತೆ.

ಯಳಂದೂರಿನ ಕಾಲು ಮರೆತವರು

ಇಲ್ಲಿಗೆ ಬಂದು ಕರೆಂಟು ಮಾರುವವರಿಗೆ ಈ ನೆಲದ ಚರಿತ್ರೆ ಗೊತ್ತಿಲ್ಲ. ಒಂದು ಕಾಲಕ್ಕೆ ಯಳಂದೂರು ತಾಲ್ಲೂಕು ಕುಷ್ಠರೋಗಕ್ಕೆ ಹೆಸರಾಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್, 1986ರಲ್ಲಿ ಕರುಣಾ ಟ್ರಸ್ಟ್ ಶುರು ಮಾಡಿದ್ದೇ ಈ ರೋಗದ ಕಾರಣಕ್ಕೆ. ಆಗ ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ 21ರಷ್ಟು ರೋಗಿಗಳಿದ್ದರು ಎಂದು ಟ್ರಸ್ಟ್ ದಾಖಲಿಸಿದೆ. ಮುಂದಿನ ಎರಡು ದಶಕದಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಕುಷ್ಠ ಎಂದರೆ ಚರ್ಮದ ಮಚ್ಚೆ ಮಾತ್ರ ಅಲ್ಲ, ಅದು ನರದ ರೋಗ. ರೋಗಾಣು ಸತ್ತರೂ ಸತ್ತ ನರ ಎದ್ದು ಬರುವುದಿಲ್ಲ. ಹಾಗೆ ಸ್ಪರ್ಶ ಕಳೆದುಕೊಂಡ ಕೈ, ಕಾಲು ಇವತ್ತೂ ನಮ್ಮ ಹಿರಿಯರಲ್ಲಿ ಇವೆ. ಈಗ ಅದೇ ಕೆಲಸವನ್ನು ಸಕ್ಕರೆ ಕಾಯಿಲೆ ಮಾಡುತ್ತಿದೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಮೊದಲು ಪಾದದ ನರ ಹಾಳಾಗುತ್ತದೆ. ಮೊದಲು ಉರಿ, ಜೋಮು. ಆಮೇಲೆ ಮುಳ್ಳು ಚುಚ್ಚಿದರೂ ಗೊತ್ತಾಗದ ಮರಗಟ್ಟುವಿಕೆ.

ಮರಗಟ್ಟಿದ ಚರ್ಮಕ್ಕೆ ಟೆನ್ಸ್ ಅಂಟಿಸಬಾರದು. ಇದು ಈ ಚಿಕಿತ್ಸೆಯ ಮೊದಲ ಪಾಠಗಳಲ್ಲಿ ಒಂದು. ಕರೆಂಟು ಹೆಚ್ಚಾದರೆ "ಸಾಕು" ಎಂದು ಹೇಳಬೇಕಾದ್ದು ಚರ್ಮ. ಆ ಚರ್ಮಕ್ಕೇ ಮಾತಿಲ್ಲದಿದ್ದರೆ ಸುಟ್ಟ ಗಾಯ ಆಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಸಕ್ಕರೆ ಇರುವವರ ಕಾಲಿನ ಗಾಯ ಎಲ್ಲಿಗೆ ಮುಟ್ಟುತ್ತದೆ ಎಂದು ನಾವು ಹೇಳಬೇಕಿಲ್ಲ. ಬೆರಳು ತೆಗೆಸಿಕೊಂಡವರು ಪ್ರತಿ ಊರಲ್ಲೂ ಇದ್ದಾರೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಬಾರದು. ಬಸುರಿಯರು, ಫಿಟ್ಸ್ ಇರುವವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ಕುತ್ತಿಗೆಯ ಮುಂಭಾಗ, ಗಾಯ, ಗೆಡ್ಡೆ ಇರುವ ಜಾಗಕ್ಕೆ ಅಂಟಿಸಬಾರದು. ಶಿಬಿರದಲ್ಲಿ ಕುರ್ಚಿಗೆ ಕೂರಿಸುವ ಮೊದಲು ಇದನ್ನೆಲ್ಲ ಕೇಳಿದರೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಕಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಸುಲಭ ಪರೀಕ್ಷೆ ಇದೆ. ಹಿರಿಯರು ಕಣ್ಣು ಮುಚ್ಚಿ ಮಲಗಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಕೆರೆಯಬೇಡಿ. ಮುಟ್ಟಿದಾಗ ಅವರು ಹೇಳಲಿ. ಆರು ಬೆರಳಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಆ ಕಾಲಿಗೆ ಬೇಕಾಗಿರುವುದು ಕರೆಂಟಲ್ಲ, ವೈದ್ಯರು. ಮಾಡಲು ಎರಡು ನಿಮಿಷ, ಖರ್ಚು ಸೊನ್ನೆ. ಸಾವಿರಗಟ್ಟಲೆ ಬೆಲೆಯ ಯಂತ್ರ ಮಾರುವವರಿಗೆ ಈ ಎರಡು ನಿಮಿಷ ಸಿಗುವುದಿಲ್ಲ.

"ನಮ್ಮತ್ತೆಗೆ ವಾಸಿ ಆಯ್ತಲ್ಲ?"

ಈ ಮಾತು ಬಂದೇ ಬರುತ್ತದೆ, ನಾವೂ ಮರ್ಯಾದೆಯಿಂದಲೇ ಉತ್ತರ ಹೇಳುತ್ತೇವೆ. ಅತ್ತೆಗೆ ನೋವು ಇಳಿದದ್ದು ನಿಜ ಇರಬಹುದು. ಟೆನ್ಸ್ ಸ್ವಲ್ಪ ಹೊತ್ತು ನೋವು ಇಳಿಸುತ್ತದೆ ಎಂದು ನಾವೇ ಬರೆದಿದ್ದೇವೆ. ಅದರ ಜೊತೆ ಇನ್ನೂ ಮೂರು ಸಂಗತಿ ಸೇರಿವೆ. ಮನೆಯಲ್ಲಿ ಒಬ್ಬರೇ ಕೂತಿದ್ದವರು ದಿನಾ ಎದ್ದು ಶಿಬಿರಕ್ಕೆ ನಡೆದರು. ಅಲ್ಲಿ ಯಾರೋ ಒಬ್ಬರು "ಹೇಗಿದೆ ಅಮ್ಮ ನೋವು" ಎಂದು ಕೇಳಿದರು. ನಾಲ್ಕು ಜನ ಗೆಳತಿಯರು ಸಿಕ್ಕರು. ಈ ಮೂರಕ್ಕೂ ನೋವು ಇಳಿಸುವ ಶಕ್ತಿ ಇದೆ, ಈ ಮೂರಕ್ಕೂ ದುಡ್ಡು ಬೇಡ. ಯಂತ್ರ ಮನೆಗೆ ಬಂದ ಮೇಲೆ ಅದು ಅಟ್ಟ ಸೇರಿದ್ದು ಯಾಕೆ ಎಂದು ಯೋಚಿಸಿ. ಮನೆಗೆ ಬಂದದ್ದು ಡಬ್ಬಿ ಮಾತ್ರ. ನಡಿಗೆ, ಮಾತು, ಜನ ಅಲ್ಲೇ ಉಳಿದರು.

"ಉಚಿತ ಕೊಟ್ಟರೆ ನಿಮಗೇನು ನಷ್ಟ?" ಎಂದೂ ಕೇಳುತ್ತಾರೆ. ನಷ್ಟ ಇದೆ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಡಬ್ಬಿಯನ್ನು ಅದರ ಹಲವು ಪಟ್ಟು ಬೆಲೆಗೆ ಕಂತಿನಲ್ಲಿ ತಗಲಿಸುತ್ತಾರೆ. ಸಂಘದ ಸಾಲ ತೆಗೆದು ಕಟ್ಟುವವರು ಮನೆಯ ಹೆಂಗಸರು. ಅದಕ್ಕಿಂತ ದೊಡ್ಡ ನಷ್ಟ, "ಇದು ಹಾಕಿಕೊಂಡರೆ ಸಕ್ಕರೆ ಮಾತ್ರೆ ಬಿಡಬಹುದು" ಎಂಬ ಮಾತು ನಂಬಿ ಮಾತ್ರೆ ಬಿಡುವುದು.

ಇದಕ್ಕೆ ಕಾನೂನು ಇಲ್ಲ ಎನ್ನಬೇಡಿ. 1954ರಲ್ಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದಿದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಸಂಧಿವಾತ, ಕುಷ್ಠ, ಮೂರ್ಛೆರೋಗ ಇವೆಲ್ಲ ಅದರ ಪಟ್ಟಿಯಲ್ಲಿವೆ. ಇವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಚಿಕಿತ್ಸೆ ಕೊಡುವ ಖಾಸಗಿ ಜಾಗ ಯಾವುದೇ ಇರಲಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು, ದರ ಪಟ್ಟಿ ಕಾಣುವಂತೆ ಹಾಕಬೇಕು. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಬ್ಯಾನರ್ ಊರಿಗೆಲ್ಲ ಕಾಣುತ್ತದೆ. ಚಾಮರಾಜನಗರದ ಕಚೇರಿಗೂ ಕಾಣಬೇಕು.

ಯಳಂದೂರು ಜಗತ್ತಿಗೇ ತೋರಿಸಿದ್ದು

"ಹಳ್ಳಿಯಲ್ಲಿ ಇಂಥದ್ದೆಲ್ಲ ಆಗದ ಮಾತು, ಮೈಸೂರಿಗೆ ಹೋಗಿ" ಎನ್ನುವ ಅಧಿಕಾರಿಗಳಿಗೆ ಒಂದು ಊರಿನ ಹೆಸರು ಹೇಳುತ್ತೇವೆ: ಯಳಂದೂರು. 1990ರ ದಶಕದಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ತಾಲ್ಲೂಕಿನಲ್ಲಿ ಮನೆ ಮನೆಗೆ ಹೋಗಿ ಫಿಟ್ಸ್ ಇರುವವರನ್ನು ಹುಡುಕಿಸಿದರು. 64,963 ಜನರ ಲೆಕ್ಕದಲ್ಲಿ ಸಾವಿರಕ್ಕೆ 4.63 ಜನರಿಗೆ ಕಾಯಿಲೆ ಇತ್ತು, ಅಂದರೆ ಸುಮಾರು 300 ಜನ. ದೆವ್ವ ಹಿಡಿದಿದೆ ಎಂದು ಮೂಲೆಗೆ ಕೂರಿಸುವ ಕಾಯಿಲೆ ಅದು. ಫೆನೊಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಎರಡು ಮಾತ್ರೆಗಳಿಂದ ಹಳ್ಳಿಯಲ್ಲೇ ಅದನ್ನು ಹತೋಟಿಗೆ ತರಬಹುದೆಂದು ಅವರು ತೋರಿಸಿದರು. 2001ರಲ್ಲಿ ಆ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರ ಹೆಸರೇ ಯಳಂದೂರು ಅಧ್ಯಯನ.

ಕುಷ್ಠವನ್ನು ಮನೆ ಬಾಗಿಲಲ್ಲಿ ಹುಡುಕಿ ಸೋಲಿಸಿದ ಊರು, ಫಿಟ್ಸನ್ನು ಮನೆ ಬಾಗಿಲಲ್ಲಿ ಹುಡುಕಿ ಹತೋಟಿಗೆ ತಂದ ಊರು, ಕೈಕಾಲು ನೋವಿಗೆ ಮಾತ್ರ ಬ್ಯಾನರ್ ನಂಬಿ ಕೂರಬೇಕೇ? ಆ ಎರಡು ಕೆಲಸದಲ್ಲೂ ಗೆದ್ದದ್ದು ಯಂತ್ರ ಅಲ್ಲ. ಹುಡುಕಿಕೊಂಡು ಬಂದ ಮನುಷ್ಯರು, ಅಗ್ಗದ ಮದ್ದು, ಬಿಡದೆ ತಿಂಗಳು ತಿಂಗಳು ಬಂದು ವಿಚಾರಿಸಿದ ಶಿಸ್ತು.

ನಾವು ಕೇಳುವುದು ನಾಲ್ಕೇ

ಒಂದು, ಫಿಸಿಯೋಥೆರಪಿಸ್ಟ್ ಊರ ಹತ್ತಿರಕ್ಕೆ ಬರಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ವಾರಕ್ಕೊಂದು ಗೊತ್ತಾದ ದಿನ. ರಾಮಾಪುರದ, ಲೊಕ್ಕನಹಳ್ಳಿಯ, ಮಾದಪ್ಪನ ಬೆಟ್ಟದ ಕಾಡಂಚಿನ ಜನ ಮಂಡಿನೋವಿಗೆ ಕೊಳ್ಳೇಗಾಲದವರೆಗೆ ಬಸ್ಸಲ್ಲಿ ಕುಲುಕಾಡಿ ಬಂದರೆ, ಹೋದ ನೋವೂ ವಾಪಸ್ ಬರುತ್ತದೆ. ಡೋಲಿಯಲ್ಲಿ ರೋಗಿ ಹೊತ್ತ ಸುದ್ದಿ ಬರುವ ಕಡೆ "ಮೈಸೂರಿಗೆ ರೆಫರ್" ಎಂದು ಚೀಟಿ ಬರೆಯುವುದು ಚಿಕಿತ್ಸೆ ಅಲ್ಲ.

ಎರಡು, ಯಂತ್ರ ಮಾರಾಟಕ್ಕಲ್ಲ, ಎರವಲಿಗೆ ಸಿಗಬೇಕು. ಆರೋಗ್ಯ ಕೇಂದ್ರದಲ್ಲಿ ನಾಲ್ಕೈದು ಟೆನ್ಸ್ ಡಬ್ಬಿ ಇಡಲು ಲಕ್ಷಗಟ್ಟಲೆ ಬೇಡ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಆಗುವ ಮಾತು. ಪರೀಕ್ಷೆ ಮಾಡಿ, ಹಾಕಿಕೊಳ್ಳುವುದು ಕಲಿಸಿ, ಎರಡು ವಾರ ಕೊಡಿ. ಒಳ್ಳೇದಾದರೆ ಮುಂದುವರಿಸಲಿ, ಆಗದಿದ್ದರೆ ವಾಪಸ್ ತಂದು ಮುಂದಿನವರಿಗೆ ಕೊಡಲಿ. ಯಾರಿಗೆ ನಾಟುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಲಾಗದ ಯಂತ್ರವನ್ನು ಬಡವರ ತಲೆಗೆ ಕಟ್ಟುವುದಕ್ಕಿಂತ ಇದು ನ್ಯಾಯ.

ಮೂರು, ನೋವು ಕೇಳುವ ಎರಡು ಪ್ರಶ್ನೆ ಸೇರಿಸಬೇಕು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಭೇಟಿಯಲ್ಲಿ "ಕೈಕಾಲು ನೋವು ಎಷ್ಟು ತಿಂಗಳಿಂದ?" "ಪಾದಕ್ಕೆ ಸ್ಪರ್ಶ ಇದೆಯಾ?" ಎಂದು ಕೇಳಿ ಬೆರಳು ಮುಟ್ಟಿ ನೋಡಲಿ. ಉರಿ, ಜೋಮಿನ ನರದ ನೋವಿಗೆ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಅಗ್ಗದ ಮಾತ್ರೆಗಳಿವೆ. ವೈದ್ಯರು ನೋಡಿ ಬರೆದರೆ ಮಾತ್ರ ಅವು ಮದ್ದು. ನೋಡುವವರೇ ಇಲ್ಲದಿದ್ದರೆ ಅವೂ ಇಲ್ಲ.

ನಾಲ್ಕು, "ವಾಸಿ ಮಾಡುತ್ತೇವೆ" ಎಂಬ ಬ್ಯಾನರ್‌ಗಳನ್ನು ಇಳಿಸಬೇಕು. ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ ಮಳಿಗೆ ಬಾಡಿಗೆಗೆ ಕೊಡುವ ಮೊದಲು ನೋಂದಣಿ ಪತ್ರ ಕೇಳಲಿ.

ಹಣ ಇಲ್ಲ ಎಂಬ ನೆಪ ಬೇಡ. ಮಂಡಿ ಹಿಡಿದ ಒಬ್ಬ ಕೂಲಿಯಾಳು ಮನೆಯಲ್ಲಿ ಕೂತರೆ ಆ ಮನೆಯ ಆದಾಯ ನಿಲ್ಲುತ್ತದೆ, ನೋಡಿಕೊಳ್ಳಲು ಇನ್ನೊಬ್ಬರು ಉಳಿದರೆ ಎರಡನೇ ಕೂಲಿಯೂ ನಿಲ್ಲುತ್ತದೆ. ಆ ಲೆಕ್ಕ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ, ಅಷ್ಟೇ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು: ಶಿಬಿರದಲ್ಲಿ ಯಂತ್ರ ಕೊಳ್ಳಲು ಹೇಳಿದರೆ ಜಿಎಸ್‌ಟಿ ಬಿಲ್ ಕೇಳಿ, "ವಾಸಿ ಆಗುತ್ತದೆ" ಎಂದು ಬರೆದುಕೊಡಲು ಹೇಳಿ. ಬರೆದುಕೊಡುವುದಿಲ್ಲ, ನೋಡಿ. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆರೋಗ್ಯದ ಸಲಹೆಗೆ 104 ಇದೆ. ಸಕ್ಕರೆ, ಬಿಪಿ ಮಾತ್ರೆಯನ್ನು ಯಾವ ಯಂತ್ರದವರ ಮಾತಿಗೂ ಬಿಡಬೇಡಿ.

ಮುಂದಿನ ಗ್ರಾಮಸಭೆಗೆ ಈ ನಾಲ್ಕು ಸಾಲು ಕಾಪಿ ಮಾಡಿ, ಹತ್ತು ಜನರ ಸಹಿ ಹಾಕಿಸಿ ಕೊಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ:

"ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರಕ್ಕೆ ಒಂದು ದಿನ ಫಿಸಿಯೋಥೆರಪಿಸ್ಟ್ ಬರಬೇಕು. ಯಾವ ದಿನ ಎಂದು ಗೋಡೆಯ ಮೇಲೆ ಬರೆಯಬೇಕು. ಎರವಲಿಗೆ ಟೆನ್ಸ್ ಯಂತ್ರ ಇಡಬೇಕು. ಸಕ್ಕರೆ ಕಾಯಿಲೆ ಇರುವ ಎಲ್ಲರ ಪಾದದ ಸ್ಪರ್ಶ ಪರೀಕ್ಷೆ ಮಾಡಬೇಕು."

ಉತ್ತರ ಬಾರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಫಿಸಿಯೋಥೆರಪಿಸ್ಟ್ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ? ಬಂದ ಉತ್ತರವನ್ನು ನಮಗೆ ಕಳಿಸಿ. ತಾಲ್ಲೂಕುವಾರು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ.